ಆಪಾ ಕೈಗೆ ಗೊತ್ತು, ಉಳಿದದ್ದು ಸ್ಕ್ಯಾನರ್‌ಗೆ

ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಶೈರಿನಲ್ಲಿ ಬ್ಯಾಟ್ಲಿ ಅಂತ ಒಂದು ಊರಿದೆ. ನಾನು ಕೆಲಸ ಮಾಡುವ ಶೆಡ್ ಅದರ ಹತ್ತಿರವೇ ಇದೆ. ಜನ ಬೇಡ ಅಂತ ಕೊಟ್ಟ ಹಳೇ ಬಟ್ಟೆ ಲಾರಿಗಟ್ಟಲೆ ಬಂದು ಬೀಳುತ್ತದೆ, ನಾವು ವಿಂಗಡಿಸುತ್ತೇವೆ. ಊರಲ್ಲಿ ಯಾರಾದರೂ "ಅಲ್ಲಿ ಏನ್ ಕೆಲಸ ಮಾಡ್ತಿದ್ದೀಯಮ್ಮ?" ಅಂತ ಕೇಳಿದರೆ ಮೊದಮೊದಲು ಏನು ಹೇಳಬೇಕೋ ತಿಳಿಯುತ್ತಿರಲಿಲ್ಲ. ಈಗ ಹೇಳುತ್ತೇನೆ: ಬಟ್ಟೆ ಯಾವ ನೂಲಿನದು ಅಂತ ಕಂಡುಹಿಡಿಯುವ ಕೆಲಸ.

ಹಾಕಿಕೊಳ್ಳುವ ಹಾಗಿರುವ ಬಟ್ಟೆಯನ್ನು ಮೊದಲೇ ಬೇರೆ ಮಾಡುತ್ತಾರೆ. ತೂತಾದದ್ದು, ಸವೆದದ್ದು, ಕಲೆ ಹೋಗದೇ ಇದ್ದದ್ದು ನಮ್ಮ ಟೇಬಲ್ಲಿಗೆ ಬರುತ್ತದೆ. ಉಣ್ಣೆಯಾದರೆ ಎಳೆ ಬಿಡಿಸಿ ಮತ್ತೆ ನೂಲಬಹುದು. ಪಾಲಿಯೆಸ್ಟರ್ ಆದರೆ ಕರಗಿಸಬಹುದು. ಹತ್ತಿಯಾದರೆ ನಾರು ಬಿಡಿಸಬಹುದು, ತಿರುಳು ಮಾಡಬಹುದು. ಆದರೆ ಇವೆಲ್ಲ ಒಂದೇ ರಾಶಿಯಲ್ಲಿ ಕಲೆತರೆ ಯಾವ ಕಾರ್ಖಾನೆಯವರೂ ಮುಟ್ಟುವುದಿಲ್ಲ. ಒರೆಸುವ ಬಟ್ಟೆಗೋ, ಸುಡುವುದಕ್ಕೋ ಹೋಗುತ್ತದೆ ಅಷ್ಟೇ.

ಇದು ಈ ಊರಿಗೆ ಹೊಸ ಕೆಲಸವೇನಲ್ಲ. 1813ರಲ್ಲಿ ಇದೇ ಬ್ಯಾಟ್ಲಿಯ ಬೆಂಜಮಿನ್ ಲಾ ಎನ್ನುವವರು ಹಳೇ ಉಣ್ಣೆ ಚಿಂದಿಯನ್ನು ಹರಿದು, ಸ್ವಲ್ಪ ಹೊಸ ಉಣ್ಣೆ ಸೇರಿಸಿ ನೂತು ಬಟ್ಟೆ ಮಾಡಿದರು. ಅದಕ್ಕೆ ಶಾಡಿ ಅನ್ನುತ್ತಾರೆ. ಸುತ್ತಮುತ್ತಲ ಊರುಗಳೆಲ್ಲ ಅದರಿಂದಲೇ ಬೆಳೆದವು. ಆಮೇಲೆ ಇಲ್ಲಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಈಗ ಅದೇ ಕೆಲಸ ನಮ್ಮ ಪಾಣಿಪತ್‌ನಲ್ಲಿ ದೊಡ್ಡದಾಗಿ ನಡೆಯುತ್ತದೆ. ಪ್ರವಾಹ, ಭೂಕಂಪ ಆದಾಗ ಹಂಚುವ ಒರಟು ಕಂಬಳಿ ಇರುತ್ತದಲ್ಲ, ಅದರಲ್ಲಿ ಎಷ್ಟೋ ಅಲ್ಲಿ ತಯಾರಾದದ್ದು.

ನಮ್ಮ ಟೇಬಲ್ಲಿನಲ್ಲಿ ಎಲ್ಲರಿಗಿಂತ ಹಿರಿಯರು ಭರೂಚ್ ಕಡೆಯ ಗುಜರಾತಿ ಹೆಂಗಸು. ಎಲ್ಲರೂ ಆಪಾ, ಅಂದರೆ ಅಕ್ಕ, ಅನ್ನುತ್ತೇವೆ. ಸ್ವೆಟರ್ ಕೈಗೆ ಬಂದ ತಕ್ಷಣ ಹೆಬ್ಬೆರಳಿನಲ್ಲಿ ಒಂದು ಸಲ ಉಜ್ಜುತ್ತಾರೆ, ಮುಷ್ಟಿಯಲ್ಲಿ ಹಿಂಡಿ ಬಿಡುತ್ತಾರೆ, ಅದು ಹೇಗೆ ಅರಳುತ್ತದೆ ನೋಡುತ್ತಾರೆ. ಅಷ್ಟರಲ್ಲೇ ಅದು ಒಂದು ಡಬ್ಬಕ್ಕೆ ಬಿದ್ದಿರುತ್ತದೆ. "ಇದು ಉಣ್ಣೆ ಅಲ್ಲ, ಅಕ್ರಿಲಿಕ್. ಮುಟ್ಟಿದರೆ ಜಾರುತ್ತದೆ ನೋಡು ಬೇಟಿ" ಅಂತ ನನ್ನ ಕೈ ಹಿಡಿದು ಅದರ ಮೇಲೆ ಇಡುತ್ತಾರೆ. ನಾನು ದೊಡ್ಡಬಳ್ಳಾಪುರದವಳು, ಪವರ್‌ಲೂಮ್ ಸದ್ದಿನಲ್ಲೇ ಮಲಗಿ ಎದ್ದವಳು. ರೇಷ್ಮೆಯೋ ಕೃತಕ ರೇಷ್ಮೆಯೋ ಅಂತ ಅನುಮಾನ ಬಂದರೆ ನಮ್ಮಜ್ಜಿ ಸೆರಗಿನ ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದರು. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ರೇಯಾನು, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರು. ಆಪಾಗೆ ಇದನ್ನು ಹೇಳಿದಾಗ ತುಂಬಾ ಖುಷಿಪಟ್ಟರು. ಅವರ ಅಮ್ಮನೂ ಹಾಗೇ ಮಾಡುತ್ತಿದ್ದರಂತೆ.

ನಮ್ಮ ಶೆಡ್ಡಿಗೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಬಂದಾಗ ಟೇಬಲ್ಲಿನವರೆಲ್ಲ ಸ್ವಲ್ಪ ಹೆದರಿದ್ದೆವು, ಇನ್ನು ನಮ್ಮ ಕೈಗೆ ಕೆಲಸ ಇರುತ್ತದೋ ಇಲ್ಲವೋ ಅಂತ. ಅಂಗಡಿಯಲ್ಲಿ ಬಾರ್‌ಕೋಡ್ ಓದುವ ಯಂತ್ರದಷ್ಟೇ ಇದೆ. ಬಟ್ಟೆಗೆ ಒತ್ತಿ ಹಿಡಿದು ಗುಂಡಿ ಒತ್ತಿದರೆ ಒಂದೆರಡು ಸೆಕೆಂಡಿನಲ್ಲಿ ಪರದೆಯ ಮೇಲೆ ಹತ್ತಿ ಇಷ್ಟು, ಪಾಲಿಯೆಸ್ಟರ್ ಇಷ್ಟು ಅಂತ ಬರುತ್ತದೆ. ಒಳಗಿನ ಸಣ್ಣ ದೀಪ ಬಿಡುವ ಬೆಳಕಿನಲ್ಲಿ ಕೆಂಪಿನ ಆಚೆಯ ಭಾಗ, ಅಂದರೆ ಸುಮಾರು 900ರಿಂದ 1700 ನ್ಯಾನೋಮೀಟರ್ ತನಕದ್ದು ಮಾತ್ರ ಅದಕ್ಕೆ ಬೇಕು. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕೆಂಪಿನ ಆಚೆ ಇಂಥ ಬೆಳಕು ಇದೆ ಅಂತ 1800ರಲ್ಲಿ ಥರ್ಮಾಮೀಟರ್ ಇಟ್ಟು ಕಂಡುಹಿಡಿದ ವಿಲಿಯಂ ಹರ್ಶೆಲ್ ಕೂಡ ಇದೇ ಇಂಗ್ಲೆಂಡಿನಲ್ಲಿದ್ದವರು. ಹತ್ತಿ ಈ ಬೆಳಕನ್ನು ಒಂದು ಕಡೆ ನುಂಗುತ್ತದೆ, ಪಾಲಿಯೆಸ್ಟರ್ ಇನ್ನೊಂದು ಕಡೆ, ಉಣ್ಣೆ ಮತ್ತೊಂದು ಕಡೆ. ನುಂಗಿ ಉಳಿದು ವಾಪಸ್ ಬಂದ ಬೆಳಕನ್ನು ಯಂತ್ರ ತನ್ನಲ್ಲಿರುವ ಮಾದರಿಗಳ ಜೊತೆ ಹೋಲಿಸಿ ಹೇಳುತ್ತದೆ.

ಬಳಸುತ್ತಾ ಬಳಸುತ್ತಾ ಅದರ ಸ್ವಭಾವ ಗೊತ್ತಾಯಿತು. ತೆಳು ಬಟ್ಟೆಯಾದರೆ ಬೆಳಕು ಆಚೆಗೆ ಹಾದು ಟೇಬಲ್ಲಿಗೆ ಬಡಿಯುತ್ತದೆ, ಹಾಗಾಗಿ ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿ ಹಿಡಿಯಬೇಕು. ಬಟ್ಟೆ ಒಣಗಿರಬೇಕು. ನೀರು ಈ ಬೆಳಕನ್ನು ಜಾಸ್ತಿ ನುಂಗುತ್ತದೆ. ಮಳೆಗಾಲದ ಒಂದು ದಿನ ಒದ್ದೆ ಮೂಟೆಯನ್ನು ನಾನು ಹಾಗೇ ಸ್ಕ್ಯಾನ್ ಮಾಡಿದೆ, ಉತ್ತರಗಳೆಲ್ಲ ಅಡ್ಡಾದಿಡ್ಡಿ ಬಂದವು, ಅದನ್ನೇ ನಂಬಿ ಅರ್ಧ ದಿನ ಹಾಕಿದ ರಾಶಿಯನ್ನು ಪೂರ್ತಿ ಮತ್ತೆ ವಿಂಗಡಿಸಬೇಕಾಯಿತು. ಇನ್ನೊಂದು, ಅದು ನೋಡುವುದು ಮೇಲ್ಮೈಯನ್ನು ಮಾತ್ರ. ಕೋಟಿನ ಒಳಗೆ ಬೇರೆ ಲೈನಿಂಗ್ ಇದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಜೀನ್ಸಿನಲ್ಲಿ ಸ್ವಲ್ಪವೇ ಸೇರಿಸಿರುವ ಹಿಗ್ಗುವ ಎಲಾಸ್ಟೇನ್ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಆಪಾ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದು ಬಿಟ್ಟರೆ ಅದು ತಟ್ಟನೆ ಗೊತ್ತಾಗುತ್ತದೆ. ಹಾಗಂತ ಕೈಯೊಂದೇ ಸಾಲುವುದೂ ಇಲ್ಲ. ಉಣ್ಣೆಯಲ್ಲಿ ನೈಲಾನ್ ಎಷ್ಟು ಪಾಲು ಇದೆ ಅಂತ ಯಾವ ಕೈಯೂ ಲೆಕ್ಕ ಹೇಳಲಾರದು. ಲೇಬಲ್ ನೋಡೋಣ ಅಂದರೆ ಚುಚ್ಚುತ್ತದೆ ಅಂತ ಜನ ಕತ್ತರಿಸಿರುತ್ತಾರೆ, ಇಲ್ಲ ಅಕ್ಷರ ಅಳಿಸಿರುತ್ತದೆ.

ಪ್ಲಾಸ್ಟಿಕ್ ಕಥೆ ಬೇರೆ. ಬಟ್ಟೆ ಜೊತೆ ಹ್ಯಾಂಗರ್‌ಗಳೂ ಬರುತ್ತವೆ, ಕೆಲವು ಪಾಲಿಪ್ರೊಪಿಲೀನ್, ಕೆಲವು ಪಾಲಿಸ್ಟೈರೀನ್. ಪ್ಲಾಸ್ಟಿಕ್ ಗುರುತಿಸುವ ಸ್ಕ್ಯಾನರ್ ಬಿಳಿಯದ್ದನ್ನು, ಬಣ್ಣದ್ದನ್ನು ಚೆನ್ನಾಗಿ ಓದುತ್ತದೆ. ಕಪ್ಪು ಹ್ಯಾಂಗರ್ ಹಿಡಿದರೆ ಏನೂ ಬರುವುದಿಲ್ಲ. ಕಪ್ಪು ಬಣ್ಣಕ್ಕೆ ಹಾಕುವ ಕಾರ್ಬನ್ ಮಸಿ ಬೆಳಕನ್ನೆಲ್ಲ ನುಂಗಿಬಿಡುತ್ತದೆ, ವಾಪಸ್ ಬರುವುದಕ್ಕೆ ಏನೂ ಉಳಿಯುವುದಿಲ್ಲ. ಆಗ ಬಕೆಟ್ ನೀರೇ ಗತಿ. ಒಂದು ತುಂಡು ಮುರಿದು ಹಾಕಿದರೆ ಪಾಲಿಪ್ರೊಪಿಲೀನ್ ತೇಲುತ್ತದೆ, ಪಾಲಿಸ್ಟೈರೀನ್ ಮುಳುಗುತ್ತದೆ.

ಇದನ್ನು ಮಾಡುವಾಗಲೆಲ್ಲ ನನಗೆ ಬೆಂಗಳೂರು ನೆನಪಾಗುತ್ತದೆ. ಜಾಲಿ ಮೊಹಲ್ಲಾದಲ್ಲಿ, ನಾಯಂಡಹಳ್ಳಿಯಲ್ಲಿ ಗುಜರಿ ಪ್ಲಾಸ್ಟಿಕ್ ಬೇರೆ ಮಾಡುವ ಕೈಗಳಿಗೆ ಇದೆಲ್ಲ ಯಾರೂ ಕಲಿಸಿಕೊಡಬೇಕಾಗಿಲ್ಲ. ಬಗ್ಗಿಸಿ, ಸದ್ದು ಕೇಳಿ ಹೇಳುತ್ತಾರೆ. ಆದರೆ ಅನುಮಾನ ಬಂದರೆ ಸುಟ್ಟು ಮೂಸಿ ನೋಡುತ್ತಾರೆ, ನನ್ನ ಸಂಕಟ ಇರುವುದು ಅಲ್ಲಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನ್ನುವ ಅನಿಲ ಬರುತ್ತದೆ. ಅದು ಮೂಗು, ಗಂಟಲು, ಶ್ವಾಸಕೋಶ ಎಲ್ಲವನ್ನೂ ಸುಡುತ್ತದೆ. ನೀರಿನ ಬಾಟಲಿಯ ಪಿಇಟಿಯೂ ಮುಳುಗುತ್ತದೆ, ಪಿವಿಸಿಯೂ ಮುಳುಗುತ್ತದೆ, ಬಕೆಟ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಪಿಇಟಿ ರಾಶಿಯಲ್ಲಿ ಸ್ವಲ್ಪ ಪಿವಿಸಿ ಸೇರಿದರೂ ಕರಗಿಸುವಾಗ ಮಾಲು ಬಣ್ಣ ಕೆಡುತ್ತದೆ, ಬೆಲೆ ಬೀಳುತ್ತದೆ. ಸ್ಕ್ಯಾನರ್ ಇವೆರಡನ್ನೂ ಹೊಗೆ ಇಲ್ಲದೆ ಬೇರೆ ಮಾಡುತ್ತದೆ. ಬೆಂಗಳೂರಿನಲ್ಲಿ ಚಿಂದಿ ಆಯುವವರ ಜೊತೆ ಕೆಲಸ ಮಾಡುವ ಹಸಿರು ದಳ ಅನ್ನುವ ಸಂಸ್ಥೆಯ ಜೊತೆ ಸೇರಿ ಚಿಂದಿ ಆಯುತ್ತಿದ್ದವರೇ ಒಣ ಕಸ ಸಂಗ್ರಹ ಕೇಂದ್ರ ನಡೆಸುತ್ತಿದ್ದಾರೆ. ಇಂಥ ಯಂತ್ರ ಮೊದಲು ತಲುಪಬೇಕಾದದ್ದು ಅವರ ಕೈಗೆ. ಬೆಲೆ ಈಗಲೂ ಲಕ್ಷಗಳ ಲೆಕ್ಕದಲ್ಲಿದೆ, ಒಬ್ಬರಿಗೆ ಆಗುವ ಮಾತಲ್ಲ. ನಾಲ್ಕೈದು ಕೇಂದ್ರಗಳು ಸೇರಿ ಒಂದನ್ನು ಇಟ್ಟುಕೊಂಡು, ಅನುಮಾನದ ಮಾಲನ್ನು ಮಾತ್ರ ಅದಕ್ಕೆ ತೋರಿಸಿದರೂ ಎಷ್ಟೋ ಆಯಿತು. ನಗರಪಾಲಿಕೆಯವರು ಕೊಡಿಸಿದರೆ ಇನ್ನೂ ಒಳ್ಳೆಯದು, ಅಲ್ವಾ?

ನಮ್ಮ ಟೇಬಲ್ಲಿನಲ್ಲೂ ಈಗ ಹೀಗೇ ಮಾಡುತ್ತೇವೆ. ಆಪಾ ಬೆಳಗಿನಿಂದ ಕೈಯಲ್ಲೇ ಬೇರೆ ಮಾಡುತ್ತಾರೆ, ತಿಳಿಯದೇ ಇದ್ದದ್ದನ್ನು ಬಲಗಡೆ ಒಂದು ನೀಲಿ ಡಬ್ಬದಲ್ಲಿ ಹಾಕುತ್ತಾರೆ. ಸಂಜೆ ನಾಲ್ಕಕ್ಕೆ ನಾನು ಸ್ಕ್ಯಾನರ್ ಹಿಡಿದು ಕೂರುತ್ತೇನೆ. ಗುಂಡಿ ಒತ್ತುವ ಮುಂಚೆ ಆಪಾ ತಮ್ಮ ಅಂದಾಜು ಹೇಳುತ್ತಾರೆ, ಆಮೇಲೆ ಪರದೆ ನೋಡುತ್ತಾರೆ, ಆ ಬಟ್ಟೆಯನ್ನು ಮತ್ತೆ ಒಂದು ಸಲ ಉಜ್ಜಿ ನೋಡಿ ಡಬ್ಬಕ್ಕೆ ಹಾಕುತ್ತಾರೆ. ಮೊದಲು ನೀಲಿ ಡಬ್ಬ ಸಂಜೆಗೆ ತುಂಬಿ ತುಳುಕುತ್ತಿತ್ತು. ಈ ವಾರ ಅರ್ಧಕ್ಕೂ ಬಂದಿಲ್ಲ.