ಒಳ್ಳೆಯದನ್ನೇ ತಿಂತಾಳಲ್ಲ, ಅದರಲ್ಲಿ ಎಂತ ತಪ್ಪು ಮೇಡಂ?

ಮಂಗಳೂರಿನಲ್ಲಿ ಹುಡುಗಿಯರ ಹಾಸ್ಟೆಲ್ ವಾರ್ಡನ್ ಆಗಿ ನನಗೆ 11 ವರ್ಷ ಆಯಿತು. ಹಗಲು ಕಾಲೇಜಿನಲ್ಲಿ ಪಾಠ, ಸಂಜೆ ಮೇಲೆ ಹಾಸ್ಟೆಲ್. ಮೊದಲೆಲ್ಲ ಅಪ್ಪ ಅಮ್ಮಂದಿರು ಫೋನ್ ಮಾಡಿದರೆ, ‘ಸರಿಯಾಗಿ ಊಟ ಮಾಡ್ತಾಳಾ ಮೇಡಂ?’ ಎಂದು ಕೇಳುತ್ತಿದ್ದರು. ಈಗೀಗ ನಾನೇ ಫೋನ್ ಮಾಡಿ, ‘ಮಗಳ ಊಟದ ಕಡೆ ಸ್ವಲ್ಪ ಗಮನ ಕೊಡಿ’ ಎನ್ನಬೇಕಾಗುತ್ತದೆ. ಆಗ ಹೆಚ್ಚುಕಡಿಮೆ ಎಲ್ಲರೂ ಒಂದೇ ಮಾತು ಕೇಳುತ್ತಾರೆ. ‘ಸಕ್ಕರೆ ಬಿಟ್ಟಿದ್ದಾಳೆ, ಮೈದಾ ಮುಟ್ಟುವುದಿಲ್ಲ, ಬೇಕರಿ ಕಡೆ ತಿರುಗಿಯೂ ನೋಡುವುದಿಲ್ಲ. ಒಳ್ಳೆಯದನ್ನೇ ತಿಂತಾಳಲ್ಲ, ಅದರಲ್ಲಿ ಎಂತ ತಪ್ಪು?’ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಸಕ್ಕರೆ ಬಿಟ್ಟರೆ ತಪ್ಪೇನೂ ಇಲ್ಲ. ನಮ್ಮ ಕಡೆ ಸಕ್ಕರೆ ಕಾಯಿಲೆ ಇಲ್ಲದ ಮನೆಯನ್ನು ಹುಡುಕಬೇಕು. ಇಪ್ಪತ್ತು ವರ್ಷದ ಹುಡುಗಿ ಬನ್ಸ್ ಬದಲು ಪಪ್ಪಾಯಿ ತಿಂದರೆ ನನಗೂ ಸಂತೋಷವೇ. ಅವಳ ತಟ್ಟೆಯಲ್ಲಿ ಎಂತ ಉಂಟು ಅಂತ ನಾನು ಜಾಸ್ತಿ ನೋಡಲು ಹೋಗುವುದಿಲ್ಲ. ಅಂದುಕೊಂಡದ್ದು ಸಿಗದ ದಿನ ಅವಳು ಹೇಗಿರುತ್ತಾಳೆ, ಅದನ್ನು ನೋಡುತ್ತೇನೆ.

ಒಬ್ಬಳ ವಿಷಯ ಹೇಳುತ್ತೇನೆ. ಅವಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥದ್ದನ್ನೆಲ್ಲ ಬಿಟ್ಟಿದ್ದೇನೆ.

ಅವತ್ತು ಬೆಳಿಗ್ಗೆ ಮೆಸ್ಸಿನಲ್ಲಿ ನೀರ್ ದೋಸೆ. ಅವಳು ಒಂದೇ ಒಂದು ದೋಸೆ ಹಾಕಿಸಿಕೊಂಡು ಮೂಲೆಯಲ್ಲಿ ಕೂತಳು. ಚಟ್ನಿ ಬೇಡ ಅಂದಳು, ತೆಂಗಿನಕಾಯಿ ಇದೆ ಅಂತ. ಆಮೇಲೆ ಬ್ಯಾಗಿನಿಂದ ಟಿಶ್ಯೂ ತೆಗೆದು ದೋಸೆಯ ಮೇಲೆ ಇಟ್ಟು, ಬೆರಳಿನಿಂದ ಮೆಲ್ಲಗೆ ಒತ್ತಿದಳು. ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ನೀರ್ ದೋಸೆಗೆ ಎಣ್ಣೆ ಎಷ್ಟಿರುತ್ತದೆ ಹೇಳಿ? ಕಾವಲಿಗೆ ಸವರಿದ್ದಷ್ಟೇ. ಟಿಶ್ಯೂ ಒಣಗಿಯೇ ಇತ್ತು. ಅವಳು ದೋಸೆ ಮಗುಚಿ, ಇನ್ನೊಂದು ಟಿಶ್ಯೂ ತೆಗೆದು ಮತ್ತೆ ಒತ್ತಿದಳು. ಅದೂ ಒಣಗಿಯೇ ಇತ್ತು. ಅಷ್ಟು ಹೊತ್ತಿಗೆ ದೋಸೆ ಆರಿ ತಣ್ಣಗಾಗಿತ್ತು. ಅರ್ಧ ತಿಂದು ಎದ್ದು ಹೋದಳು.

ಮೇ ತಿಂಗಳ ಸೆಕೆ ಅದು. ಫ್ಯಾನಿನ ಕೆಳಗೆ ಕೂತರೂ ಬೆವರು ಇಳಿಯುತ್ತಿತ್ತು. ಅವಳು ಮಾತ್ರ ಸ್ವೆಟರ್ ಹಾಕಿಕೊಂಡಿದ್ದಳು. ನನಗೆ ಹೆದರಿಕೆಯಾದದ್ದು ಆ ಸ್ವೆಟರ್ ನೋಡಿ. ದೇಹಕ್ಕೆ ಬೇಕಾದಷ್ಟು ಸಿಗದಿದ್ದರೆ ಅದು ಇದ್ದುದರಲ್ಲೇ ಉಳಿತಾಯ ಮಾಡಲು ಶುರು ಮಾಡುತ್ತದೆ. ಮೈ ಬಿಸಿ ಇಟ್ಟುಕೊಳ್ಳಲು ಆಗುವುದಿಲ್ಲ. ಕೂದಲು ಉದುರುತ್ತದೆ. ಮುಟ್ಟು ನಿಲ್ಲುತ್ತದೆ. ಹಾಗೆಯೇ ಮುಂದುವರಿದರೆ ಮೂಳೆ ಸವೆಯುತ್ತದೆ. ಅವಳಿಗೆ ಮುಟ್ಟು ನಿಂತು 5 ತಿಂಗಳಾಗಿತ್ತು. ಯಾರಿಗೂ ಹೇಳಿರಲಿಲ್ಲ.

ಕೋಣೆಯಲ್ಲಿ ಕೂತು ಮಾತಾಡಿದಾಗ ಒಂದೊಂದಾಗಿ ಹೊರಗೆ ಬಂತು. ಮೊದಲು ಬಿಟ್ಟದ್ದು ಸಕ್ಕರೆ. ಆಮೇಲೆ ಕರಿದದ್ದು, ಮೈದಾ, ಹಾಲು. ಆಮೇಲೆ ಕಾರ್ಬ್ ಅಂತ ಅನ್ನವನ್ನೂ ಬಿಟ್ಟಳು. ಅಜ್ಜಿ ಮನೆಯ ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ಹುಡುಗಿ ಅವಳು. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊಟ್ಟಿನ ಹತ್ತಿರದ ಬಿ ವಿಟಮಿನ್ ಒಂದಷ್ಟು ಅಕ್ಕಿಯ ಒಳಗೆ ಇಳಿಯುತ್ತದೆ, ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಗಿಂತ ಕುಚ್ಚಲಕ್ಕಿಗೆ ಅದೇ ಹೆಚ್ಚುಗಾರಿಕೆ. ಅಷ್ಟು ಓದಿದವಳಿಗೆ ಇದು ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದರೂ ಧೈರ್ಯ ಬರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯನ್ನು ಅವಳಿಗೆ ತೋರಿಸಿದೆ. ದಿನಕ್ಕೆ 2000 ಕ್ಯಾಲರಿಯ ಊಟಕ್ಕೆ ಅದರಲ್ಲಿ 250 ಗ್ರಾಂ ಧಾನ್ಯ ಇದೆ, 27 ಗ್ರಾಂ ಎಣ್ಣೆ ಕೊಬ್ಬು ಇದೆ. ಓದಿದಳು. ‘ಇದು ಬೇರೆಯವರಿಗೆ ಮೇಡಂ’ ಅಂದಳು.

ಮೇಜಿನ ಡ್ರಾಯರಿನಲ್ಲಿ ಸಣ್ಣ ಡಿಜಿಟಲ್ ತಕ್ಕಡಿ, ಒಂದು ಡಬ್ಬಿ ಬಾದಾಮಿ, ಒಂದು ನೋಟ್‌ಬುಕ್. ದಿನಕ್ಕೆ 8 ಬಾದಾಮಿ. 9 ತಿಂದ ದಿನದ ಪುಟದಲ್ಲಿ ಕೆಂಪು ಗೆರೆ. ಗೆಳತಿಯರು ಹುಟ್ಟುಹಬ್ಬಕ್ಕೆ ಗಡ್‌ಬಡ್ ಐಸ್‌ಕ್ರೀಂ ತಿನ್ನಲು ಹೊರಟರೆ ಇವಳು ಡಬ್ಬಿಯಲ್ಲಿ ಸೌತೆಕಾಯಿ ಹಾಕಿಕೊಂಡು ಜೊತೆಗೆ ಹೋಗುತ್ತಿದ್ದಳಂತೆ. ಆಮೇಲಾಮೇಲೆ ಹೋಗುವುದನ್ನೇ ಬಿಟ್ಟಳು. ಅವರೂ ಕರೆಯುವುದನ್ನು ಬಿಟ್ಟರು.

ಇನ್ನೊಂದು ಮಾತು ಕೇಳಿ ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಎರಡು ಗಂಟೆವರೆಗೆ ಅಡುಗೆಯ ವಿಡಿಯೋ ನೋಡುತ್ತಿದ್ದಳು. ಕೋರಿ ರೊಟ್ಟಿ, ತುಪ್ಪದ ರೋಸ್ಟ್, ಹಲಸಿನ ಕಡುಬು. ಅವಳೊಬ್ಬಳಿಗೇ ಹೀಗೆ ಆದದ್ದಲ್ಲ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದ್ದರು. ಆರೋಗ್ಯವಂತ ಯುವಕರು, 36 ಜನ, ತಾವಾಗಿಯೇ ಒಪ್ಪಿ ಬಂದವರು. ಅವರಿಗೆ 6 ತಿಂಗಳು ಊಟ ಕಡಿಮೆ ಮಾಡಿದರು. ಅವರು ಊಟದ ಕನಸು ಕಂಡರು. ಅಡುಗೆ ಪುಸ್ತಕ ಓದಲು ಶುರು ಮಾಡಿದರು. ಸುಮ್‌ಸುಮ್ನೆ ಸಿಟ್ಟು, ಯಾರ ಜೊತೆಗೂ ಬೇಡ. ಮೊದಲು ಅಂಥ ಯಾವ ಸಮಸ್ಯೆಯೂ ಇಲ್ಲದವರು ಅವರು. ‘ಮನಸ್ಸು ಗಟ್ಟಿ ಮಾಡಿಕೋ’ ಎಂದು ಹಸಿದ ಮಗುವಿಗೆ ಬುದ್ಧಿ ಹೇಳುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಹೊಟ್ಟೆಗೆ ಬೀಳದೆ ಮನಸ್ಸು ಗಟ್ಟಿಯಾಗುವುದು ಕಷ್ಟ.

ಈ ಹುಡುಗಿಯಂಥವರ ಗೀಳಿಗೆ ಒಂದು ಹೆಸರೂ ಉಂಟು, ಆರ್ಥೊರೆಕ್ಸಿಯಾ. ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್ಮನ್ 1997ರಲ್ಲಿ ಇಟ್ಟ ಹೆಸರು. ಸರಿಯಾದದ್ದನ್ನೇ ತಿನ್ನಬೇಕೆಂಬ ಗೀಳು ಅಂತ ಅರ್ಥ. ಅವರೇ ಒಂದು ಕಾಲದಲ್ಲಿ ಕಿತ್ತು 15 ನಿಮಿಷ ದಾಟಿದ ತರಕಾರಿ ತಿನ್ನುತ್ತಿರಲಿಲ್ಲವಂತೆ. ಪ್ರತಿ ತುತ್ತನ್ನೂ 50 ಸಲ ಅಗಿಯುತ್ತಿದ್ದರಂತೆ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಪಟ್ಟಿಯಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಇನ್ನೂ ಸೇರಿಲ್ಲ. ಇಟಲಿಯವರು ಇದನ್ನು ಅಳೆಯಲು 15 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ದಾರೆ. ಅದನ್ನು ಹಿಡಿದು ಎಷ್ಟೋ ದೇಶಗಳ ವಿದ್ಯಾರ್ಥಿಗಳನ್ನು ಪರೀಕ್ಷಿಸಿದ್ದಾರೆ. ಆದರೆ ಊಟದ ಬಗ್ಗೆ ಸುಮ್ಮನೆ ಕಾಳಜಿ ಇರುವವರೂ ಆ ಬಲೆಯಲ್ಲಿ ಸಿಕ್ಕಿಬೀಳುತ್ತಾರೆ ಎಂಬ ದೂರಿದೆ. ಹಾಗಾಗಿ ಇಷ್ಟು ಶೇಕಡಾ ಮಕ್ಕಳಿಗೆ ಈ ಗೀಳು ಅನ್ನುವ ಲೆಕ್ಕಗಳನ್ನು ನಾನು ನಂಬುವುದಿಲ್ಲ. ಲೆಕ್ಕ ಬೇಡ. ನನ್ನ ಮೆಸ್ಸಿನಲ್ಲಿ ಒಬ್ಬಳು ಇದ್ದರೂ ನನಗೆ ಅದು ದೊಡ್ಡದೇ.

ಒಬ್ಬರು ತಂದೆ ಉಡುಪಿಯಿಂದ ಮಾತಾಡಿದರು. ‘ನಮ್ಮಲ್ಲಿ ವ್ರತ ಅಂತ ಇಲ್ವಾ ಮೇಡಂ? ಇದೂ ಹಾಗೇ ಅಲ್ವಾ?’ ಒಳ್ಳೆಯ ಪ್ರಶ್ನೆ. ನಾನೂ ತುಂಬ ಯೋಚಿಸಿದ್ದೇನೆ. ನನ್ನ ಅಜ್ಜಿ ಚಾತುರ್ಮಾಸ್ಯ ಮಾಡುತ್ತಿದ್ದರು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರು ಇಲ್ಲ, ಮೂರನೆಯದರಲ್ಲಿ ಹಾಲು ಇಲ್ಲ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯ ಇಲ್ಲ. ಕೃಷ್ಣ ಮಠದ ಊರಿನಲ್ಲಿ ಇದು ಗೊತ್ತಿಲ್ಲದವರು ಯಾರು? ಆದರೆ ಮೊಸರು ಬಿಟ್ಟ ತಿಂಗಳಲ್ಲೂ ಅಜ್ಜಿ ತನ್ನ ಕೈಯಾರೆ ಮೊಸರು ಕಡೆದು ನಮಗೆ ಬಡಿಸುತ್ತಿದ್ದರು. ನಾವು ತಿನ್ನುವುದನ್ನು ನೋಡಿ ಖುಷಿಪಡುತ್ತಿದ್ದರು. ತಿಂಗಳು ಮುಗಿದ ದಿನ ಅವರ ಎಲೆಗೂ ಮೊಸರು ಬೀಳುತ್ತಿತ್ತು. ಏಕಾದಶಿಗೆ ನೀರೂ ಮುಟ್ಟದವರು ದ್ವಾದಶಿ ಬೆಳಿಗ್ಗೆ ಬೇಗ ಪಾರಣೆ ಮಾಡಲೇಬೇಕಿತ್ತು. ಉಪವಾಸ ಎಷ್ಟು ಮುಖ್ಯವೋ ಅದನ್ನು ಮುರಿಯುವುದೂ ಅಷ್ಟೇ ಮುಖ್ಯ. ನಾನು ಹೇಳಿದ ಈ ಹುಡುಗಿಗೆ ದ್ವಾದಶಿ ಯಾವತ್ತು? ಅವಳ ಪಟ್ಟಿಯಲ್ಲಿ ಬಿಟ್ಟದ್ದು ವಾಪಸ್ ಬರುವ ದಿನವೇ ಇಲ್ಲ. ಪಕ್ಕದ ಹಾಸಿಗೆಯವಳು ಚಿಪ್ಸ್ ಪ್ಯಾಕೆಟ್ ಬಿಡಿಸಿದರೂ ಇವಳಿಗೆ ಕೋಣೆಯಲ್ಲಿ ಇರಲು ಆಗುತ್ತಿರಲಿಲ್ಲ. ಆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈ ವಾರವೇ ಬರ್ತೇನೆ’ ಅಂದರು.

ಯಾಕೆ ಈ ವಯಸ್ಸಿನಲ್ಲೇ ಹೀಗಾಗುತ್ತದೆ? ಫೋನಿನ ಕಾಟ ಇದ್ದದ್ದೇ, ಒಂದು ರೀಲ್ ನೋಡಿದರೆ ಅಂಥದ್ದೇ ಇನ್ನೂ ಹತ್ತು ಬರುತ್ತವೆ. ಅದಕ್ಕಿಂತ ಜಾಸ್ತಿ ನಾನು ಕಂಡದ್ದು ಹೆದರಿಕೆ. ಮೊದಲ ಸಲ ಮನೆ ಬಿಟ್ಟು ಬಂದಿರುತ್ತಾರೆ. ಇಂಟರ್ನಲ್ಸಿನ ಅಂಕ ಕೈಯಲ್ಲಿಲ್ಲ, ಕೆಲಸ ಸಿಗುವುದೂ ಕೈಯಲ್ಲಿಲ್ಲ. 8 ಬಾದಾಮಿ ಮಾತ್ರ ಪೂರ್ತಿ ಕೈಯಲ್ಲೇ ಇರುತ್ತದೆ.

ನಿಮ್ಮ ಮಗುವಿಗೆ ಮುಟ್ಟು ನಿಂತಿದ್ದರೆ, ತಲೆ ಸುತ್ತಿ ಬಿದ್ದರೆ, ತೂಕ ಬೇಗ ಇಳಿಯುತ್ತಿದ್ದರೆ ಮೊದಲು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ತುಂಬ ಸೊರಗಿದ ದೇಹಕ್ಕೆ ಒಮ್ಮೆಲೇ ಜಾಸ್ತಿ ಊಟ ತುಂಬಿಸುವುದೂ ಅಪಾಯ, ಅದನ್ನು ಅವರ ಕಣ್ಣೆದುರೇ ಮಾಡಬೇಕು. ಆಪ್ತಸಮಾಲೋಚಕರೂ ಬೇಕು, ಡಯಟಿಷಿಯನ್ನರೂ ಬೇಕು. ರಾತ್ರಿ ಹೊತ್ತು ಯಾರೂ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು. ದಯವಿಟ್ಟು ತಟ್ಟೆ ಮುಂದೆ ಕೂರಿಸಿ ಗದರಬೇಡಿ. ‘ಈಗ ಸ್ವಲ್ಪ ತುಂಬಿಕೊಂಡಿದ್ದೀಯ, ಚಂದ ಕಾಣ್ತೀಯ’ ಎಂದೂ ಹೇಳಬೇಡಿ. ನಿಮಗೆ ಅದು ಪ್ರೀತಿಯ ಮಾತು, ಅವಳ ಕಿವಿಗೆ ‘ತುಂಬಿಕೊಂಡಿದ್ದೀಯ’ ಅನ್ನುವುದು ಮಾತ್ರ ಬೀಳುತ್ತದೆ.

ನಾನು ಹೇಳಿದ ಹುಡುಗಿಯ ಅಮ್ಮನಿಗೆ ಒಂದು ಸಂಗತಿ ಬಹಳ ಕಷ್ಟವಾಯಿತು. ನಮ್ಮಲ್ಲಿ ಮಾತು ಶುರುವಾಗುವುದೇ ‘ಊಟ ಆಯ್ತಾ’ ಎಂದು. ಅವರ ಮನೆಯಲ್ಲಿ ತುಳು, ‘ಒಣಸ್ ಆಂಡಾ’. ಪ್ರತಿ ರಾತ್ರಿ ಫೋನ್ ಎತ್ತಿದ ಕೂಡಲೇ ಆ ಪ್ರಶ್ನೆ ಬಂದರೆ ಮಗಳಿಗೆ ವೈವಾಕ್ಕೆ ನಿಂತ ಹಾಗೆ ಆಗುತ್ತಿತ್ತು. ಸುಳ್ಳು ಹೇಳುತ್ತಿದ್ದಳು. ‘ಸ್ವಲ್ಪ ದಿನ ಅದನ್ನು ಕೇಳಬೇಡಿ’ ಎಂದು ಸಮಾಲೋಚಕರು ಅಂದಾಗ ಅಮ್ಮ ಅತ್ತುಬಿಟ್ಟರು. ‘ಮತ್ತೆ ಎಂತ ಕೇಳುವುದು ಮೇಡಂ?’ ಎಂದು ನನ್ನನ್ನು ಕೇಳಿದರು. ಕರು ಹಾಕಿದ ದನದ ಬಗ್ಗೆ ಮಾತಾಡಿ ಅಂದೆ. ಮಳೆಯ ಬಗ್ಗೆ, ಅಡಿಕೆಗೆ ಮದ್ದು ಬಿಟ್ಟದ್ದರ ಬಗ್ಗೆ. ಅವರು ಹಾಗೇ ಮಾಡಿದರು.

ಇದಾಗಿ ಒಂದು ವರ್ಷ ದಾಟಿದೆ. ಪೂರ್ತಿ ಸರಿಯಾಗಿದ್ದಾಳೆ ಅಂತ ನಾನು ಹೇಳುವುದಿಲ್ಲ. ಪರೀಕ್ಷೆ ಹತ್ತಿರ ಬಂದರೆ ಟಿಶ್ಯೂ ಮತ್ತೆ ಹೊರಗೆ ಬರುತ್ತದೆ. ತಿಂಗಳ ಮುಟ್ಟು ವಾಪಸ್ ಬಂದಿದೆ. ಸ್ವೆಟರ್ ಕಾಣುವುದಿಲ್ಲ. ನಾಗರಪಂಚಮಿಗೆ ಮನೆಗೆ ಹೋದವಳು ಅರಶಿನ ಎಲೆಯಲ್ಲಿ ಬೇಯಿಸಿದ ಸಿಹಿ ಗಟ್ಟಿ ಮುಂದಿಟ್ಟುಕೊಂಡು, ಬೆಲ್ಲ ಎಷ್ಟು ಹಾಕಿದ್ದೀ ಎಂದು ಕೇಳಿದಳಂತೆ. ಅಮ್ಮ ಹೇಳಿದರಂತೆ. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಎಲೆ ಬಿಡಿಸಿ, ಒಂದು ತಿಂದಳಂತೆ.