ವಿಗ್ರಹ ಎಂದೆ, ಅವರು ಕೈಮುಗಿದರು

ಧಾರವಾಡದಿಂದ ಬಂದಿದ್ದ ಆ ಅಮ್ಮನಿಗೆ ಎಪ್ಪತ್ತು ದಾಟಿತ್ತು. ಟೋಕಿಯೊದ ಉಯೆನೊ ಉದ್ಯಾನದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಹೇಸೇಕಾನ್ ಕಟ್ಟಡದಲ್ಲಿ, ನೆಲಮಹಡಿಯ ಪುರಾತತ್ತ್ವ ವಿಭಾಗದಲ್ಲಿ ನಾವು ಹದಿನಾಲ್ಕು ಜನ ನಿಂತಿದ್ದೆವು. ಗಾಜಿನ ಪೆಟ್ಟಿಗೆಯೊಳಗಿನ ಆಕೃತಿಯನ್ನು ತೋರಿಸಿ ನಾನು ಎಂದಿನಂತೆ ಹೇಳಿದೆ: "ಇದು ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನ ದೇವಿಯ ವಿಗ್ರಹ."

ಅವರು ಚಪ್ಪಲಿ ಬಿಟ್ಟರು. ಸೆರಗು ಹೊದ್ದುಕೊಂಡು ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಯಾವ ದೇವಿ ತಂಗಿ ಇದು? ಈಕೆಗೆ ಏನು ನೈವೇದ್ಯ ಇಡುತ್ತಿದ್ದರು?"

ನನ್ನ ಬಳಿ ಉತ್ತರವಿರಲಿಲ್ಲ. ಮರೆತು ಹೋಗಿದ್ದಲ್ಲ, ಉತ್ತರವೇ ಇಲ್ಲದ ಪ್ರಶ್ನೆ ಅದು. ಆ ಆಕೃತಿ ದೇವಿ ಎಂದು ಮಣ್ಣು ಹೇಳಿಲ್ಲ, ಅದನ್ನು ಅಗೆದವರೂ ಹೇಳಿಲ್ಲ. ಹೇಳಿದವಳು ನಾನು. ಕನ್ನಡದಲ್ಲಿ ಕೇಳಲು ಚೆನ್ನಾಗಿರುತ್ತದೆ ಎಂಬ ಒಂದೇ ಕಾರಣಕ್ಕೆ. ಆ ಅಮ್ಮನ ಭಕ್ತಿ ನಿಜವಾಗಿತ್ತು, ನನ್ನ ಮಾತು ನಿಜವಾಗಿರಲಿಲ್ಲ. ಅಂದು ರಾತ್ರಿ ಮನೆಗೆ ಹೋಗುವ ರೈಲಿನಲ್ಲಿ ಕುಳಿತಾಗಲೂ ಬರಿಗಾಲಲ್ಲಿ ನಿಂತ ಅವರ ಚಿತ್ರವೇ ಕಣ್ಣ ಮುಂದಿತ್ತು.

ನಾನು ಟೋಕಿಯೊದಲ್ಲಿ ಪ್ರವಾಸಿ ಮಾರ್ಗದರ್ಶಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಬರುವ ತಂಡಗಳಿಗೆ ಕನ್ನಡದಲ್ಲಿ ವಿವರಿಸುವುದು ನನ್ನ ಕೆಲಸ. ಜಪಾನಿ ಫಲಕವನ್ನು ಓದಿ, ಅದನ್ನು ನಮ್ಮವರ ಮನಸ್ಸಿಗೆ ಮುಟ್ಟುವ ಮಾತಿಗೆ ತಿರುಗಿಸುವುದೇ ಈ ಕೆಲಸದ ಜಾಣ್ಮೆ ಎಂದು ಬಹಳ ಕಾಲ ನಂಬಿದ್ದೆ. ಆ ನಂಬಿಕೆ ಸಡಿಲಾಗಿದ್ದು ಆ ದಿನದಿಂದ.

ಆಕೃತಿಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಜಪಾನಿಯರು ಇದನ್ನು ದೋಗೂ ಎನ್ನುತ್ತಾರೆ. ಮಣ್ಣಿನಿಂದ ಮಾಡಿದ ಆಕೃತಿ ಎಂದಷ್ಟೇ ಆ ಪದದ ಅರ್ಥ. ನಾವು ನೋಡುತ್ತಿದ್ದುದು ಉತ್ತರದ ಆಓಮೊರಿ ಪ್ರಾಂತ್ಯದ ಕಾಮೆಗಾಓಕದಲ್ಲಿ 1887ರಲ್ಲಿ ಸಿಕ್ಕದ್ದು. ಎತ್ತರ ಸುಮಾರು 34 ಸೆಂಟಿಮೀಟರ್, ಒಳಗೆ ಟೊಳ್ಳು, ಎಡಗಾಲು ಇಲ್ಲ. ಮುಖದ ತುಂಬ ಎರಡು ಭಾರೀ ಕಣ್ಣುಗಳು, ನಡುವೆ ಒಂದೊಂದು ಅಡ್ಡಗೆರೆ. ಹೊಳೆಯುವ ಹಿಮದಿಂದ ಕಣ್ಣು ಕಾಪಾಡಿಕೊಳ್ಳಲು ಉತ್ತರ ಧ್ರುವದ ಕಡೆಯ ಜನ ಹಾಕಿಕೊಳ್ಳುವ ಸೀಳುಕನ್ನಡಕದ ಹಾಗಿದೆ ಎಂದು ಮೇಜಿ ಕಾಲದ ಮಾನವಶಾಸ್ತ್ರಜ್ಞ ಟ್ಸುಬೊಯಿ ಶೋಗೋರೋ ಹೋಲಿಸಿದರು. ಅದಕ್ಕೇ ಶಾಕೋಕಿ ದೋಗೂ, ಅಂದರೆ ಬೆಳಕು ತಡೆಯುವ ಸಾಧನ ಧರಿಸಿದ ದೋಗೂ ಎಂಬ ಹೆಸರು ಬಂತು. ಅದು ಕನ್ನಡಕವೆಂದು ಇಂದು ಯಾವ ವಿದ್ವಾಂಸರೂ ಒಪ್ಪುವುದಿಲ್ಲ; ಉತ್ಪ್ರೇಕ್ಷಿಸಿ ಮಾಡಿದ ಕಣ್ಣುಗಳು ಅವು. ಆದರೆ ಹೆಸರು ಉಳಿದುಬಿಟ್ಟಿದೆ. ಪ್ರತಿ ತಂಡದಲ್ಲಿಯೂ ಒಬ್ಬ ಹುಡುಗನಾದರೂ "ಇವರು ಬೇರೆ ಗ್ರಹದವರಂತೆ, ವಿಡಿಯೊದಲ್ಲಿ ನೋಡಿದ್ದೇನೆ" ಎನ್ನುತ್ತಾನೆ. ಮೊದಲು ಅವನ ಮಾತನ್ನು ತಿದ್ದುತ್ತಿದ್ದೆ. ಆದರೆ ಪುರಾವೆಯಿಲ್ಲದೆ ದೇವಿ ಎಂದ ನನಗೂ, ಪುರಾವೆಯಿಲ್ಲದೆ ಅನ್ಯಗ್ರಹ ಎಂದ ಅವನಿಗೂ ಇದ್ದ ಅಂತರ ಎಷ್ಟು?

ಮರುದಿನದಿಂದ ನನ್ನ ಕನ್ನಡ ಪದಗಳನ್ನು ಒಂದೊಂದಾಗಿ ತೂಗಿ ನೋಡತೊಡಗಿದೆ. ಗೊಂಬೆ ಎಂದರೆ ಮಕ್ಕಳ ಆಟಿಕೆಯೋ ದಸರೆಯ ಗೊಂಬೆಯೋ ಆಗುತ್ತದೆ. ಮೂರ್ತಿ, ವಿಗ್ರಹ ಎಂದರೆ ಗರ್ಭಗುಡಿ, ಪೂಜೆ, ಪ್ರಾಣಪ್ರತಿಷ್ಠೆ ಎಲ್ಲವೂ ಆ ಒಂದು ಪದದ ಬೆನ್ನಿಗೇ ಬರುತ್ತವೆ. ನಮ್ಮ ಪದಗಳು ಬರಿಗೈಯಲ್ಲಿ ಬರುವುದಿಲ್ಲ, ತಮ್ಮ ಬಳಗವನ್ನೆಲ್ಲ ಕರೆದುಕೊಂಡು ಬರುತ್ತವೆ. ಕೊನೆಗೆ "ಮಣ್ಣಿನ ಆಕೃತಿ" ಎಂಬಲ್ಲಿ ನಿಂತೆ. ಸಪ್ಪೆ ಪದ, ಒಪ್ಪುತ್ತೇನೆ. ಆದರೆ ಅದಾದ ಮೇಲೆ ಹೇಳಲು ಬೇಕಾದಷ್ಟಿದೆ. ಯಾಮಾನಾಶಿ ಪ್ರಾಂತ್ಯದ ಶಾಕಾದೋ ಎಂಬ ಒಂದೇ ನೆಲೆಯಲ್ಲಿ ದೋಗೂಗಳ 1,116 ತುಂಡುಗಳು ಸಿಕ್ಕಿವೆ. ದೇಶದಲ್ಲಿ ಸಿಕ್ಕ ದೋಗೂಗಳಲ್ಲಿ ಬಹುಪಾಲು ಹೀಗೆ ಮುರಿದವೇ. ಬೇಕೆಂದೇ ಮುರಿದರೇ, ತಾವಾಗಿ ಮುರಿದವೇ ಎಂಬ ವಾದ ಇನ್ನೂ ನಡೆಯುತ್ತಿದೆ. ಇನ್ನೊಂದೆಡೆ ನಾಗಾನೊದ ಚಿನೊ ಊರಿನ ತಾನಾಬಾತಾಕೆಯಲ್ಲಿ 1986ರಲ್ಲಿ 27 ಸೆಂಟಿಮೀಟರ್ ಎತ್ತರದ ಒಂದು ಹೆಣ್ಣಿನ ಆಕೃತಿ ಇಡಿಯಾಗಿ, ಹುಗಿದಿಟ್ಟ ಹಾಗೆಯೇ ದೊರೆಯಿತು. ಇವೆರಡನ್ನೂ ಪಕ್ಕಪಕ್ಕ ಇಟ್ಟು ಹೇಳಿದರೆ ಜನ ತಾವೇ ಯೋಚಿಸುತ್ತಾರೆ. ಬಾಣಂತನದ ಬಗ್ಗೆ, ಹರಕೆಯ ಬಗ್ಗೆ, ಕಾಯಿಲೆ ಇಳಿಸುವ ಬಗ್ಗೆ ತಮ್ಮ ಊರಿನ ಸಂಗತಿಗಳನ್ನು ಹೇಳುತ್ತಾರೆ. ಅವು ಅವರ ಊಹೆಗಳೆಂದು ಅವರಿಗೂ ಗೊತ್ತಿರುತ್ತದೆ, ನನಗೂ ಗೊತ್ತಿರುತ್ತದೆ.

ಅದೇ ಕೋಣೆಯಲ್ಲಿ ನಾನು ಮಾಡಿದ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು, ಏಕೆಂದರೆ ಅದನ್ನು ಹೆಮ್ಮೆಯಿಂದ ಮಾಡುತ್ತಿದ್ದೆ.

ಕ್ರಿಸ್ತಶಕ ಮೂರರಿಂದ ಆರನೆಯ ಶತಮಾನದವರೆಗೆ ಜಪಾನಿನಲ್ಲಿ ಅರಸರಿಗೂ ನಾಯಕರಿಗೂ ಗುಡ್ಡದಂಥ ಸಮಾಧಿ ಕಟ್ಟಿ, ಅವುಗಳ ಮೇಲೆ ಸುಟ್ಟ ಮಣ್ಣಿನ ಹನಿವಾಗಳನ್ನು ನಿಲ್ಲಿಸುತ್ತಿದ್ದರು. ಕುದುರೆ, ಮನೆ, ಯೋಧ, ಮಂಗ, ಹೆಂಗಸರು, ಎಲ್ಲವೂ ಇವೆ. 720ರಲ್ಲಿ ಪೂರ್ಣಗೊಂಡ ನಿಹೋನ್ ಶೋಕಿ ಎಂಬ ರಾಜಚರಿತ್ರೆಯಲ್ಲಿ ಇವುಗಳ ಹುಟ್ಟಿನ ಕಥೆಯಿದೆ. ಹಿಂದೆ ರಾಜಕುಟುಂಬದವರು ಸತ್ತಾಗ ಪರಿವಾರದವರನ್ನು ಜೀವಂತ ಹುಗಿಯುತ್ತಿದ್ದರಂತೆ. ರಾಣಿ ಹಿಬಾಸುಹಿಮೆ ತೀರಿಕೊಂಡಾಗ ನೋಮಿ ನೊ ಸುಕುನೆ ಎಂಬುವನು ಇಜುಮೊದಿಂದ ಮಣ್ಣಿನ ಕೆಲಸದವರನ್ನು ಕರೆಸಿ, ಮನುಷ್ಯರ ಬದಲಿಗೆ ಮಣ್ಣಿನ ಆಕೃತಿಗಳನ್ನು ನಿಲ್ಲಿಸೋಣ ಎಂದು ಅರಸನನ್ನು ಒಪ್ಪಿಸಿದನಂತೆ.

ನಾನು ಹಾಸನ ಜಿಲ್ಲೆಯವಳು. ಹಳೇಬೀಡಿನ ಗುಡಿಯ ಆವರಣದಲ್ಲಿ ಕುವರ ಲಕ್ಷ್ಮನ ಗರುಡಗಂಬವನ್ನು ಶಾಲೆಯ ಪ್ರವಾಸದಲ್ಲೇ ನೋಡಿದ್ದೆ. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಹೆಂಡತಿ ಮತ್ತು ತನ್ನ ವೀರರೊಂದಿಗೆ ಪ್ರಾಣ ಕೊಟ್ಟವನು ಅವನು. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವವರ ಕೆತ್ತನೆ ಆ ಕಂಬದಲ್ಲಿದೆ. ಹನಿವಾದ ಮುಂದೆ ನಿಂತಾಗ ನನಗೆ ಇದು ಸಿದ್ಧವಾಗಿ ಸಿಕ್ಕ ಸೇತುವೆ. "ನಮ್ಮಲ್ಲಿ ಗರುಡರು, ವೇಳೆವಾಳಿಗಳು ಇದ್ದ ಹಾಗೆ ಇಲ್ಲಿಯೂ ಒಡೆಯನ ಜೊತೆ ಸಾಯುವವರಿದ್ದರು, ಅವರನ್ನು ಉಳಿಸಿದ್ದು ಈ ಮಣ್ಣಿನ ಜನ" ಎನ್ನುತ್ತಿದ್ದೆ. ಕೇಳಿದವರ ಕಣ್ಣು ತುಂಬುತ್ತಿತ್ತು. ನನ್ನ ಇಡೀ ಪ್ರವಾಸದ ಅತ್ಯಂತ ಮೆಚ್ಚಿನ ಐದು ನಿಮಿಷ ಅದು.

ಒಂದು ಸಲ ತಂಡದಲ್ಲಿ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರಿದ್ದರು. ಎಲ್ಲರೂ ಮುಂದೆ ಹೋದ ಮೇಲೆ ನನ್ನ ಬಳಿ ಬಂದು ಕೇಳಿದರು: "ಅಮ್ಮಾ, ಹಳೇಬೀಡಿನದಕ್ಕೆ ಶಾಸನವಿದೆ. ಇದಕ್ಕೆ ಏನಿದೆ?"

ಪುಸ್ತಕವಿದೆ ಎಂದೆ. ಆ ಪುಸ್ತಕ ಸಮಾಧಿಗಿಂತ ಎಷ್ಟು ವರ್ಷ ಆಮೇಲಿನದು ಎಂದು ಕೇಳಿದರು. ಗದರುವ ದನಿಯಲ್ಲಿ ಅಲ್ಲ, ಒಳ್ಳೆಯ ವಿದ್ಯಾರ್ಥಿಯನ್ನು ಕೇಳುವ ಹಾಗೆ.

ಅಂದಿನ ಕೆಲಸ ಮುಗಿದ ಮೇಲೆ ನಾನು ಮತ್ತೆ ಓದಲು ಕುಳಿತೆ. ಅಗೆತದಲ್ಲಿ ಕಾಣುವ ಕ್ರಮವೇ ಬೇರೆ. ಮೊದಲು ಬಂದವು ಮನುಷ್ಯರಲ್ಲ, ಬರೀ ಕೊಳವೆಗಳು. ಇಂದಿನ ಓಕಾಯಾಮಾ ಸುತ್ತಲಿನ ಕಿಬಿ ಸೀಮೆಯಲ್ಲಿ ಸಮಾಧಿಯ ಮೇಲೆ ಗಡಿಗೆ ಇಡಲು ಬಳಸುತ್ತಿದ್ದ ಮಣ್ಣಿನ ಪೀಠಗಳೇ ಬೆಳೆದು ಕೊಳವೆ ಹನಿವಾಗಳಾದವು. ಮನೆ, ಗುರಾಣಿ, ಹಕ್ಕಿಗಳು ಆಮೇಲೆ. ಮನುಷ್ಯರ ಆಕೃತಿಗಳು ಹೆಚ್ಚಾಗಿ ಕಾಣಿಸಿಕೊಳ್ಳುವುದು ಐದನೆಯ ಶತಮಾನದ ನಡುಭಾಗದಿಂದ ಈಚೆಗೆ. ಮನುಷ್ಯರ ಬದಲಿಗೆಂದೇ ಹುಟ್ಟಿದ್ದರೆ ಮೊದಲು ಮನುಷ್ಯರೇ ಬರಬೇಕಿತ್ತು. ನಾನು ಸೇತುವೆ ಎಂದುಕೊಂಡಿದ್ದಕ್ಕೆ ಆಚೆ ದಡವೇ ಇರಲಿಲ್ಲ.

ಈಗಲೂ ಆ ಕಥೆ ಹೇಳುತ್ತೇನೆ. ಬಿಟ್ಟುಬಿಡಲು ಮನಸ್ಸು ಬರುವುದಿಲ್ಲ, ಬಿಡಬೇಕಾದ ಕಾರಣವೂ ಇಲ್ಲ. ಎಂಟನೆಯ ಶತಮಾನದವರು ತಮ್ಮ ಹಿರಿಯರ ಸಮಾಧಿಗಳನ್ನು ನೋಡಿ ಏನೆಂದುಕೊಂಡರು ಎಂಬುದೂ ಇತಿಹಾಸವೇ. ಆದರೆ ಕಥೆಯನ್ನು ಬೇರೆಯಾಗಿ, ಕೊಳವೆಗಳನ್ನು ಬೇರೆಯಾಗಿ ತೋರಿಸುತ್ತೇನೆ. ಕಣ್ಣು ತುಂಬುವವರು ಕಡಿಮೆಯಾಗಿದ್ದಾರೆ, ಪ್ರಶ್ನೆ ಕೇಳುವವರು ಹೆಚ್ಚಾಗಿದ್ದಾರೆ.

ಹನಿವಾಗಳಲ್ಲಿ ನಮ್ಮವರಿಗೆ ಅತಿ ಇಷ್ಟವಾಗುವುದು "ಕುಣಿಯುವ ಜನ" ಎಂದು ಹೆಸರಾದ ಜೋಡಿ. ಸೈತಾಮಾ ಪ್ರಾಂತ್ಯದ ನೊಹಾರಾ ಸಮಾಧಿಯಲ್ಲಿ 1930ರಲ್ಲಿ ಸಿಕ್ಕವು. ಕಣ್ಣು, ಬಾಯಿ ಬರೀ ತೂತುಗಳು. ಒಂದು ಕೈ ಮೇಲೆ, ಒಂದು ಕೈ ಕೆಳಗೆ. ನೋಡಿದ ಕೂಡಲೇ ನಗು ಬರುತ್ತದೆ, ಮಕ್ಕಳು ಹಾಗೆಯೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಾನೂ ಕೋಲಾಟ, ಕಂಸಾಳೆ ಎಂದೆಲ್ಲ ಹೋಲಿಸಿ ಮುಂದೆ ಸಾಗುತ್ತಿದ್ದೆ. ಮೇಷ್ಟ್ರ ಪ್ರಶ್ನೆಯಾದ ಮೇಲೆ ಇವರ ಬಗ್ಗೆಯೂ ಸರಿಯಾಗಿ ಓದಿದೆ. ಚಿಕ್ಕವನು ತಲೆಯ ಎರಡೂ ಬದಿಗೆ ಕೂದಲು ಕಟ್ಟಿದ್ದಾನೆ, ಸೊಂಟದ ಹಿಂದೆ ಕುಡುಗೋಲು ಸಿಕ್ಕಿಸಿಕೊಂಡಿದ್ದಾನೆ. ಎಷ್ಟೋ ವರ್ಷ ಎದುರಿಗೆ ನಿಂತು ಮಾತಾಡಿದವಳು ನಾನು, ಒಮ್ಮೆಯೂ ಬೆನ್ನಿನ ಕಡೆ ಗಮನ ಕೊಟ್ಟಿರಲಿಲ್ಲ. ಕುದುರೆಯ ಹನಿವಾಗಳ ಜೊತೆ, ಹೀಗೆಯೇ ಒಂದು ಕೈ ಎತ್ತಿ ಲಗಾಮು ಹಿಡಿದು ನಿಂತ ಆಳುಗಳು ಬೇರೆ ಸಮಾಧಿಗಳಲ್ಲಿ ಸಿಕ್ಕಿದ್ದಾರೆ. ಅದರಿಂದಾಗಿ, ಇವರು ಕುಣಿಯುವವರಲ್ಲ, ಕುದುರೆ ನಡೆಸುವವರು ಎಂಬ ಅಭಿಪ್ರಾಯ ಈಗ ಬಲವಾಗಿದೆ. ಕುಡುಗೋಲು ಹುಲ್ಲು ಕೊಯ್ಯಲು ಇರಬಹುದು. ಕುಣಿತವೆಂಬ ಅಭಿಪ್ರಾಯವೂ ಪೂರ್ತಿ ಹೋಗಿಲ್ಲ. ನನ್ನ ತಂಡದವರಿಗೆ ಎರಡನ್ನೂ ಹೇಳಿ, ಎತ್ತಿದ ಕೈಯನ್ನು ನೋಡಲು ಬಿಡುತ್ತೇನೆ. ದನ ಕರು ಕಟ್ಟಿದ ಮನೆಯವರು ಬೇಗ ತೀರ್ಮಾನಕ್ಕೆ ಬರುತ್ತಾರೆ.

ಹೆಸರುಗಳ ಈ ಕಥೆ ಬಹಳ ದೂರ ಹೋಗುತ್ತದೆ. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ 1877ರಲ್ಲಿ ಯೊಕೊಹಾಮಾದಿಂದ ಟೋಕಿಯೊಗೆ ರೈಲಿನಲ್ಲಿ ಹೋಗುತ್ತಿದ್ದಾಗ ಕಿಟಕಿಯಿಂದ ಓಮೊರಿಯ ಚಿಪ್ಪಿನ ದಿಬ್ಬವನ್ನು ಕಂಡರು. ಅಗೆದಾಗ ಸಿಕ್ಕ ಮಡಕೆಗಳ ಮೇಲೆ ಹಗ್ಗ ಒತ್ತಿದ ಗುರುತುಗಳಿದ್ದವು. ಅದರಿಂದಲೇ ಜೋಮೋನ್, ಹಗ್ಗದ ಗುರುತು ಎಂದು ಹತ್ತು ಸಾವಿರ ವರ್ಷಗಳಿಗೂ ಮೀರಿದ ಒಂದು ಯುಗಕ್ಕೆ ಹೆಸರಾಯಿತು. ಆದರೆ ಆ ಯುಗದ ಅತ್ಯಂತ ಪ್ರಸಿದ್ಧ ಮಡಕೆ, ನೀಗಾತಾ ಕಡೆಯ ಜ್ವಾಲೆಯಾಕಾರದ ಪಾತ್ರೆ, ಅದರ ಮೈಮೇಲೆ ಸಾಮಾನ್ಯವಾಗಿ ಹಗ್ಗದ ಗುರುತೇ ಇರುವುದಿಲ್ಲ! ಗೆರೆ, ಸುರುಳಿ, ಕೋಡು ಎಲ್ಲವೂ ಮಣ್ಣಿನ ಎಳೆ ಅಂಟಿಸಿ ತಿದ್ದಿದವು. ತಿಗರಿ ಇಲ್ಲದೆ, ಮಣ್ಣಿನ ಬತ್ತಿಯನ್ನು ಸುತ್ತಿ ಸುತ್ತಿ ಏರಿಸಿದ ಪಾತ್ರೆ ಅದು. ಜ್ವಾಲೆ ಎಂಬುದೂ ನಾವಿಟ್ಟ ಹೆಸರೇ. ಇಷ್ಟು ಅಲಂಕಾರವಿದ್ದರೆ ಪೂಜೆಯದೇ ಇರಬೇಕು ಎನ್ನುವವರಿಗೆ, ಇಂಥ ಪಾತ್ರೆಗಳ ಒಳಗೆ ತಳ ಹಿಡಿದು ಕರಕಲಾದ ಅಡುಗೆಯ ಗುರುತುಗಳು ಸಿಕ್ಕಿವೆ ಎಂದು ಹೇಳುತ್ತೇನೆ. ಸೀದ ಪಾತ್ರೆ ಎಂದ ಕೂಡಲೇ ಅಲ್ಲಿಯವರೆಗೆ ಸುಮ್ಮನಿದ್ದ ಹೆಂಗಸರೆಲ್ಲ ಹತ್ತಿರ ಬರುತ್ತಾರೆ.

ಕಂಚಿನ ದೋತಾಕುಗಳನ್ನು ಮಾತ್ರ ಗಂಟೆ ಎಂದೇ ಕರೆಯುತ್ತೇನೆ, ಆದರೆ ಒಂದು ಮಾತು ಸೇರಿಸಿ. ಹಳೆಯವು ಒಳಗೆ ನಾಲಗೆ ಕಟ್ಟಿ ಬಾರಿಸುವಂಥವು. ಬರಬರುತ್ತ ಅವು ದೊಡ್ಡದಾಗಿ, ಬಾರಿಸುವುದಕ್ಕಿಂತ ನೋಡುವುದಕ್ಕೆ ಎಂಬಂತಾದವು. ಶಿಗಾ ಪ್ರಾಂತ್ಯದ ಓಇವಾಯಾಮಾದಲ್ಲಿ ಸಿಕ್ಕ ಅತಿ ದೊಡ್ಡದರ ಎತ್ತರ 134.7 ಸೆಂಟಿಮೀಟರ್.

ನನ್ನ ಜೊತೆ ಕೆಲಸ ಮಾಡುವ ಕಿರಿಯರೊಬ್ಬರು ಕೇಳಿದ್ದರು: "ಹೀಗೆ ಪ್ರತಿಯೊಂದಕ್ಕೂ ಗೊತ್ತಿಲ್ಲ ಎಂದರೆ ದುಡ್ಡು ಕೊಟ್ಟು ಬಂದವರು ಏನೆಂದುಕೊಳ್ಳುತ್ತಾರೆ ಅಕ್ಕಾ?" ಅವರನ್ನು ರಜೆಯ ದಿನ ಗ್ಯೋದಾ ಊರಿಗೆ ಕರೆದುಕೊಂಡು ಹೋದೆ. ಟೋಕಿಯೊದಿಂದ ವಾಯವ್ಯಕ್ಕೆ, ರೈಲಿನಲ್ಲಿ ಒಂದು ತಾಸಿನ ದಾರಿ. ಅಲ್ಲಿನ ಇನಾರಿಯಾಮಾ ಸಮಾಧಿಯಲ್ಲಿ 1968ರಲ್ಲಿ ಒಂದು ಕಬ್ಬಿಣದ ಕತ್ತಿ ಸಿಕ್ಕಿತು. ತುಕ್ಕು ಹಿಡಿದ ಕತ್ತಿ ಎನ್ನುವುದನ್ನು ಬಿಟ್ಟರೆ ಅದರ ಬಗ್ಗೆ ಹತ್ತು ವರ್ಷ ಹೇಳಲು ಹೆಚ್ಚೇನೂ ಇರಲಿಲ್ಲ. 1978ರಲ್ಲಿ ತುಕ್ಕು ತಡೆಯುವ ಚಿಕಿತ್ಸೆಗೆಂದು ನಾರಾಕ್ಕೆ ಕಳುಹಿಸಿದಾಗ ಎಕ್ಸ್‌ರೇ ತೆಗೆದರು. ತುಕ್ಕಿನ ಕೆಳಗೆ ಚಿನ್ನದಲ್ಲಿ ಕೂರಿಸಿದ ಅಕ್ಷರಗಳು ಮೂಡಿದವು. ಓವಾಕೆ ಎಂಬ ವ್ಯಕ್ತಿ, ಅವನ ಎಂಟು ತಲೆಮಾರುಗಳ ಹೆಸರು, ಅವನು ಸೇವೆ ಮಾಡಿದ ದೊರೆ ವಾಕಾತಾಕೇರು, ಮತ್ತು ಒಂದು ವರ್ಷ. ಬಹುತೇಕ ವಿದ್ವಾಂಸರ ಲೆಕ್ಕದಲ್ಲಿ ಅದು ಕ್ರಿಸ್ತಶಕ 471. ಅದಾದ ಮೇಲೆ, 1873ರಲ್ಲೇ ದಕ್ಷಿಣದ ಕುಮಾಮೊತೊದಲ್ಲಿ ಸಿಕ್ಕಿದ್ದ ಇನ್ನೊಂದು ಕತ್ತಿಯ ಸವೆದ ಅಕ್ಷರಗಳನ್ನೂ ಮತ್ತೆ ನೋಡಿದರು. ಅಲ್ಲಿಯೂ ಅದೇ ದೊರೆಯ ಹೆಸರೆಂದು ಓದಿದರು. ಆ ಎರಡನೆಯ ಕತ್ತಿ ನಮ್ಮ ಉಯೆನೊದ ಸಂಗ್ರಹದಲ್ಲೇ ಇದೆ.

ಆ ಹತ್ತು ವರ್ಷಗಳಲ್ಲಿ ನನ್ನಂಥ ಯಾರಾದರೂ ಆ ಕತ್ತಿಯ ಮುಂದೆ ನಿಂತು, ಜನರಿಗೆ ಇಷ್ಟವಾಗಲೆಂದು ಒಬ್ಬ ದೊರೆಯ ಕಥೆ ಕಟ್ಟಿ ಹೇಳಿದ್ದರೆ? ಈ ಪ್ರಶ್ನೆಯನ್ನು ನಾನು ಅವರಿಗೆ ಬಾಯಿಬಿಟ್ಟು ಕೇಳಲಿಲ್ಲ. ಕತ್ತಿ ಈಗ ಸಾರಜನಕ ತುಂಬಿದ ಮುಚ್ಚಿದ ಪೆಟ್ಟಿಗೆಯಲ್ಲಿದೆ. ಕತ್ತಲಲ್ಲಿ ಚಿನ್ನದ ಗೆರೆಗಳು ಎಳೆ ಎಳೆಯಾಗಿ ಹೊಳೆಯುತ್ತವೆ. ಅವರು ಗಾಜಿಗೆ ಮುಖ ತಂದು ಒಂದೊಂದೇ ಅಕ್ಷರ ಎಣಿಸಿದರು. ಐವತ್ತೇಳಕ್ಕೆ ಮುಗಿಯಿತು. "115 ಅಂದಿದ್ದಿರಲ್ಲ ಅಕ್ಕಾ?" ಎಂದರು. ಉಳಿದ 58 ಬೆನ್ನಿನ ಕಡೆ ಇವೆ, ಸುತ್ತಿಕೊಂಡು ಆಚೆ ಬಾ ಎಂದೆ.