ಬೆರಳು ತೆಗೆದ ಪಾದಕ್ಕೆ ಯಾವ ಆಕ್ಸಿಜನ್?

ಶುಗರ್ ಇದ್ದವರಿಗೆ ಬೆರಳೋ ಮುಂಪಾದವೋ ತೆಗೆದ ಮೇಲೆ ಗಾಯ ಕೂಡದಿದ್ದರೆ 'ಆಕ್ಸಿಜನ್ ಕೊಡಿಸಿ ನೋಡಿ' ಎನ್ನುವವರು ಸಿಗುತ್ತಾರೆ. ಆದರೆ ಈ ಹೆಸರಿನಲ್ಲಿ ಎರಡು ಬೇರೆ ಚಿಕಿತ್ಸೆಗಳಿವೆ.

ಮೊದಲನೆಯದು ಹೈಪರ್‌ಬ್ಯಾರಿಕ್. ಮುಚ್ಚಿದ ಚೇಂಬರ್‌ನಲ್ಲಿ 2ರಿಂದ 2.5 ವಾತಾವರಣದ ಒತ್ತಡದಲ್ಲಿ ಸುಮಾರು 90 ನಿಮಿಷ ಶುದ್ಧ ಆಕ್ಸಿಜನ್ ಉಸಿರಾಡಬೇಕು; ವಾರಕ್ಕೆ ಐದು ದಿನ, ಒಟ್ಟು 30–40 ಸಲ. ಆಕ್ಸಿಜನ್ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲೇ ಕರಗಿ ಪಾದಕ್ಕೆ ಹೋಗುತ್ತದೆ. ಎಂದರೆ ರಕ್ತ ಅಲ್ಲಿಗೆ ತಲುಪಲೇಬೇಕು. ರಕ್ತನಾಳ ಕಟ್ಟಿದ್ದರೆ ಮೊದಲು ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಆಗುತ್ತದೆಯೇ ಎಂದು ನೋಡಬೇಕು, ಚೇಂಬರ್ ಆಮೇಲೆ. ಗಾಯದ ಪಕ್ಕದ ಚರ್ಮಕ್ಕೆ ಸೆನ್ಸರ್ ಅಂಟಿಸಿ ಅಳೆದಾಗ ಆಕ್ಸಿಜನ್ ಒತ್ತಡ 40 ಎಂಎಂ ಪಾದರಸಕ್ಕಿಂತ ಕಡಿಮೆ ಇದ್ದರೆ ಕೊರತೆ ಇದೆ ಎಂದರ್ಥ. ಚೇಂಬರ್ ಒಳಗೆ ಅದು 200 ದಾಟಿದರೆ ಗಾಯ ಮಾಗುವ ಸಾಧ್ಯತೆ ಹೆಚ್ಚು. ಈ ಅಳತೆ ಇಲ್ಲದೆ 40 ಸಲಕ್ಕೆ ಮುಂಗಡ ಕಟ್ಟುವುದು ದುಡುಕು.

ಚೇಂಬರ್ ಒಳಗಿದ್ದಾಗ ಶುಗರ್ ಇಳಿಯಬಹುದು. ಪ್ರತಿ ಸಲವೂ ಮೊದಲು ನೋಡಿ, 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಿಸಿ ಮತ್ತೆ ನೋಡಬೇಕು. ಶೀತವಾಗಿ ಕಿವಿ ಕಟ್ಟಿದ ದಿನ ಬೇಡ, ಒತ್ತಡಕ್ಕೆ ಕಿವಿತಮಟೆಗೆ ಪೆಟ್ಟಾಗುತ್ತದೆ. ಶ್ವಾಸಕೋಶದ ಸುತ್ತ ಗಾಳಿ ತುಂಬಿ ಅದಕ್ಕೆ ಚಿಕಿತ್ಸೆ ಆಗಿರದಿದ್ದರೆ ಒಳಗೆ ಬಿಡಲೇಬಾರದು.

ಎರಡನೆಯದು ಗಾಯದ ಮೇಲಷ್ಟೇ ಕೊಡುವ ಟಾಪಿಕಲ್ ಆಕ್ಸಿಜನ್. ಕಾಲಿಗೆ ಬೂಟಿನಂಥ ಚೀಲ ಹಾಕಿ ದಿನಕ್ಕೆ 90 ನಿಮಿಷ ಬಿಡುವ ಬಗೆ ಒಂದು. ಸಣ್ಣ ಬ್ಯಾಟರಿ ಸಾಧನದಿಂದ ಡ್ರೆಸ್ಸಿಂಗ್ ಅಡಿಗೆ ಹಗಲಿರುಳು ಹರಿಸುವ ಬಗೆ ಇನ್ನೊಂದು. ಎರಡೂ ಮನೆಯಲ್ಲೇ ಆಗುತ್ತವೆ. ಗಾಯದ ಮೇಲೆ ಸತ್ತ ಪೊರೆ ಕೂತಿದ್ದರೆ ಆಕ್ಸಿಜನ್ ಅದಕ್ಕೇ ತಾಕಿ ನಿಲ್ಲುತ್ತದೆ, ಹಾಗಾಗಿ ಕೆರೆದು ತೆಗೆಸಿರಬೇಕು. ವ್ಯಾಸಲಿನ್ ಗಾಜ್ ಎರಡಕ್ಕೂ ಆಗದು: ಇಲ್ಲಿ ದಾರಿಗೆ ಅಡ್ಡ, ಚೇಂಬರ್‌ನಲ್ಲಿ ಬೆಂಕಿಯ ಭಯ.

ಪುರಾವೆ? 2010ರ ಸ್ವೀಡನ್ ಅಧ್ಯಯನದಲ್ಲಿ ವರ್ಷದೊಳಗೆ ಹೈಪರ್‌ಬ್ಯಾರಿಕ್ ಪಡೆದವರಲ್ಲಿ 52% ಮಂದಿಗೆ ಗಾಯ ಮಾಯ್ದಿತ್ತು, ಬರೀ ಗಾಳಿ ಪಡೆದವರಲ್ಲಿ 29%. 2018ರ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಚೇಂಬರ್ ಚಿಕಿತ್ಸೆಗೆ ಆಯ್ಕೆಯಾದವರಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಕೋರ್ಸ್ ಮುಗಿಸಲೂ ಆಗಲಿಲ್ಲ. ಭಾರ ಹಾಕಬಾರದ ಪಾದವನ್ನು ನಲವತ್ತು ದಿನ ಆಸ್ಪತ್ರೆಗೆ ಎಳೆದಾಡುವುದೆಂದರೆ ಸುಮ್ಮನೆಯೇ! ಟಾಪಿಕಲ್ ಬೂಟಿನ 2020ರ ಅಧ್ಯಯನದಲ್ಲಿ 12 ವಾರಕ್ಕೆ 41.7% ಮಂದಿಗೆ ಗಾಯ ಮಾಯ್ದಿತ್ತು, ನಕಲಿ ಸಾಧನ ಪಡೆದವರಲ್ಲಿ 13.5%; ಅದು ಪಾದದ ಹುಣ್ಣುಗಳದ್ದು, ಆಪರೇಷನ್ ಗಾಯಕ್ಕೆ ಹಾಗೇ ಅನ್ವಯಿಸಲಾಗದು.

ಉಳಿದ ಮೂಳೆಯಲ್ಲಿ ಸೋಂಕಿದ್ದರೆ ಇವೆರಡರಿಂದಲೇ ಗಾಯ ಮುಚ್ಚದು. ಮುಂಪಾದ ತೆಗೆದವರಲ್ಲಿ ಹಿಮ್ಮಡಿಯ ಸ್ನಾಯುರಜ್ಜು (ಅಕಿಲಿಸ್ ಟೆಂಡನ್) ಬಿಗಿದು ತುದಿಗೇ ಒತ್ತಡ ಬೀಳುತ್ತಿದ್ದರೆ, ಮೊದಲು ಅದನ್ನು ಸಡಿಲಿಸಬೇಕು. ನಾಲ್ಕು ವಾರದಲ್ಲಿ ಗಾಯ ಅರ್ಧಕ್ಕೆ ಇಳಿಯದಿದ್ದರೆ ರಕ್ತನಾಳ, ಮೂಳೆ, ಪಾದರಕ್ಷೆ ಮೂರನ್ನೂ ಮತ್ತೆ ತಪಾಸಣೆ ಮಾಡಿಸಿ.